ಸೋಮವಾರ ಹೂಡದ ಸೈಕಲ್

ಟ್ಯೂಬು ಪಂಕ್ಚರ್ ಆಗಬಹುದಿತ್ತು. ಕೊಟ್ಟೂರಿನ ದಾರಿಯ ಎರಡೂ ಬದಿಗೆ ಜಾಲಿ ಬೆಳೆದಿತ್ತು. ಅದರ ಮುಳ್ಳು ಟಯರು, ಚಪ್ಪಲಿ, ಹಿಮ್ಮಡಿ ಎಂದು ಭೇದ ಮಾಡುತ್ತಿರಲಿಲ್ಲ. ಲಂಗದ ಅಂಚು ಚೈನಿಗೆ ಸಿಕ್ಕಿ ನಡುರಸ್ತೆಯಲ್ಲಿ ನಾನೂ ಸೈಕಲ್ಲೂ ಒಂದೇ ಪ್ರಾಣಿಯಾಗಿ ನಿಲ್ಲಬಹುದಿತ್ತು. ಕುರಿಹಟ್ಟಿಯ ನಾಯಿ ಎದ್ದಿರಬಹುದಿತ್ತು. ಹಾಲ್ ಟಿಕೆಟ್ ಗಾಳಿಗೆ ಹಾರಿ ಸೂರ್ಯಕಾಂತಿ ಹೊಲದೊಳಗೆ ಬೀಳಬಹುದಿತ್ತು. ಹಳ್ಳದ ಸೇತುವೆಯ ಮೇಲೆ ಲಾರಿ ಎದುರಾಗಿ, ತಡೆಗೋಡೆ ಇಲ್ಲದ ಆ ಸೇತುವೆಯಿಂದ ನಾನು ಕೆಳಗಿಳಿದುಬಿಡಬಹುದಿತ್ತು. ಪರೀಕ್ಷೆ ಹತ್ತಕ್ಕಲ್ಲ, ಒಂಬತ್ತಕ್ಕೆ ಎಂದು ಶಾಲೆಯ ಗೇಟಿನಲ್ಲಿ ಗೊತ್ತಾಗಬಹುದಿತ್ತು. ಬಾತ ಕಾಲು ದಾರಿಯಲ್ಲೇ ಕೀವು ಕಟ್ಟಿ ಒಡೆಯಬಹುದಿತ್ತು. ಮನೆಯಲ್ಲಿ ಅಜ್ಜಿ ಊಟ ಬಿಟ್ಟು ಕೂತಿರಬಹುದಿತ್ತು. ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಸೋಮವಾರ ಹೂಡಿದ್ದಕ್ಕೆ ಸಿಟ್ಟಾಗಿ ಸೈಕಲ್ಲೇ ನನ್ನನ್ನು ಕೆಡವಬಹುದಿತ್ತು.

ಈ ಪಟ್ಟಿ ಈಗ ನೆನಪಿನಿಂದ ಮಾಡಿದ್ದಲ್ಲ. ಹತ್ತನೆಯ ತರಗತಿಯ ಪರೀಕ್ಷೆಯ ಹಿಂದಿನ ದಿನ, ಭಾನುವಾರ ಸಂಜೆ, ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾನೇ ಬರೆದದ್ದು. ಓದಬೇಕಾದ ಹೊತ್ತಿನಲ್ಲಿ ಓದದೆ, ಏನೇನು ಕೆಡಬಹುದು ಎಂದು ಲೆಕ್ಕ ಹಾಕುವ ಅಭ್ಯಾಸ ಆಗಲೇ ಇತ್ತು. ಈಗ ನಾನಿರುವುದು ಕಡಲ ದಂಡೆಯ ಊರಿನಲ್ಲಿ. ಬೆಳಿಗ್ಗೆ ಬಂದರಿನ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತೇನೆ. ಉಪ್ಪುಗಾಳಿಗೆ ರಿಮ್ಮು ತುಕ್ಕು ಹಿಡಿದೀತೆಂದು, ಮೀನು ಲಾರಿಯ ನೀರಿಗೆ ಜಾರಿಯೇನೆಂದು, ಮಳೆಗಾಲದಲ್ಲಿ ಗುಂಡಿ ಯಾವುದು ರಸ್ತೆ ಯಾವುದು ತಿಳಿಯದೆಂದು ಪಟ್ಟಿ ಇಲ್ಲೂ ಬೆಳೆಯುತ್ತದೆ. ವಾರದಲ್ಲಿ ಒಂದು ದಿನ ಮಾತ್ರ ಈ ಚಿಂತೆ ಇಲ್ಲ. ಸೋಮವಾರ ಸೈಕಲ್ ಹೊರಗೆ ತೆಗೆಯುವುದಿಲ್ಲ. ಯಾಕೆಂದು ಪಕ್ಕದ ಮನೆಯವರು ಕೇಳಿದರೆ ಮಂಡಿನೋವು ಎನ್ನುತ್ತೇನೆ. ಮಂಡಿ ಸೋಮವಾರ ಮಾತ್ರ ನೋಯುವುದು ಹೇಗೆಂದು ಅವರು ಇನ್ನೂ ಕೇಳಿಲ್ಲ. ಕೇಳಬಹುದು ಎಂಬುದೂ ಪಟ್ಟಿಯಲ್ಲಿದೆ.

ನಮ್ಮ ಮನೆ ಕೊಟ್ಟೂರಿನಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯಲ್ಲಿತ್ತು. ಆ ಕಡೆಯ ಹಳೆಯ ಮನೆಗಳಂತೆ ಅದರೊಳಗೂ ಮೊದಲು ಸಿಗುತ್ತಿದ್ದದ್ದು ದನ, ಆಮೇಲೆ ಜನ. ತಲೆಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಅಂಕಣ, ಎರಡು ಮೆಟ್ಟಿಲು ಹತ್ತಿದರೆ ನಾವು ಉಣ್ಣುವ, ಮಲಗುವ, ಜಗಳಾಡುವ ಪಡಸಾಲೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಹೊತ್ತೇರಿದಂತೆ ಪಡಸಾಲೆಯಿಂದ ಅಂಕಣಕ್ಕೆ ಸರಿಯುತ್ತಿತ್ತು. ಅದು ಮೇವು ಹಾಕುವ ಗೋದಲಿಯ ಅಂಚು ಮುಟ್ಟಿದಾಗ ಅಜ್ಜಿ ಎತ್ತುಗಳಿಗೆ ನೀರು ಕುಡಿಸುವ ಹೊತ್ತು. ಬೇಸಾಯ ಅಪ್ಪನಿಗೆ ಒಗ್ಗಲಿಲ್ಲ. ಹೊಲವನ್ನು ಪಕ್ಕದವರಿಗೆ ಪಾಲಿಗೆ ಕೊಟ್ಟು ಊರಲ್ಲೇ ಕಿರಾಣಿ ಅಂಗಡಿ ಇಟ್ಟ. ಎತ್ತುಗಳನ್ನು ತೆಲಿಗಿಯ ಕಡೆಯವರು ಕೊಂಡು ಹೊಡೆದುಕೊಂಡು ಹೋದರು. ಅವು ಹೋದ ಮೇಲೆಯೂ ಅಜ್ಜಿ ದಿನಾ ಗೋದಲಿ ಗುಡಿಸುತ್ತಿದ್ದಳು. ಬಿಸಿಲಿನ ಕೋಲು ಅಲ್ಲಿಗೆ ಬಂದಾಗ ಎದ್ದು ನಿಂತು, ಮಾಡಲು ಏನೂ ಇಲ್ಲದೆ ಮತ್ತೆ ಕೂರುತ್ತಿದ್ದಳು. ಇಷ್ಟರಲ್ಲಿ, ಆಯುಧಪೂಜೆಯ ಹಿಂದಿನ ದಿನ, ಅಂಗಡಿಗೆ ಸಾಮಾನು ತರಲೆಂದು ಅಪ್ಪ ಒಂದು ಕಪ್ಪು ಸೈಕಲ್ ತಂದ. ನಡುವೆ ಅಡ್ಡಪಟ್ಟಿ ಇರುವ, ಹಿಂದೆ ಅಗಲ ಕ್ಯಾರಿಯರ್ ಇರುವ, ಎತ್ತರದ ಗಂಡಸರ ಸೈಕಲ್. ನಿಲ್ಲಿಸುವುದು ಎಲ್ಲಿ ಎಂದು ಅವನು ನೋಡುತ್ತಿರುವಾಗಲೇ ಅಜ್ಜಿ ಅದರ ಹ್ಯಾಂಡಲ್ ಹಿಡಿದು ನಡೆಸಿಕೊಂಡು ಹೋಗಿ ಗೋದಲಿಯ ಮುಂದೆ ನಿಲ್ಲಿಸಿದಳು. ಹಗ್ಗ ತಂದು ಗೂಟಕ್ಕೆ ಕಟ್ಟಿದಳು. ಹಣೆ ಎಲ್ಲಿದೆ ಎಂದು ಸ್ವಲ್ಪ ಹುಡುಕಿ, ದೀಪದ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು. ಮಾರಿದ ಎರಡು ಎತ್ತುಗಳಲ್ಲಿ ಬಲಗಡೆಯದು ಕಪ್ಪು, ಅದರ ಹೆಸರು ಕರಿಯ. ಸೈಕಲ್ಲಿಗೂ ಅದೇ ಹೆಸರಾಯಿತು. ಯಾರೂ ಇಡಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಮೊದಲ ಸೋಮವಾರ ಅಪ್ಪ ಕೊಟ್ಟೂರಿಗೆ ಹೊರಟು ಹಗ್ಗ ಬಿಚ್ಚಲು ಹೋದ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅವತ್ತು ಎತ್ತಿಗೆ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಸುಮ್ಮನೆ ಬಿಡುತ್ತಾರೆ. ಅಜ್ಜಿ ಪಡಸಾಲೆಯ ಮೆಟ್ಟಿಲ ಮೇಲೆ ನಿಂತಳು.

"ಬಿಡಲೇ ಅದನ್ನ. ಇವತ್ತು ಸೋಮಾರ."

"ಯವ್ವಾ, ಅದು ಕಬ್ಬಿಣ. ಅದಕ್ಕ ದಣಿವು ಆಗೂದಿಲ್ಲ."

"ಕಬ್ಬಿಣ ಆದ್ರ ಆಯುಧಪೂಜಿ ದಿನ ಅದಕ್ಕ ನಿಂಬಿಹಣ್ಣು ಇಟ್ಟು ಕೈ ಮುಗುದಾವ ಯಾರು? ನಾನೇನು?"

"ಅದು ಬ್ಯಾರೆ."

"ಏನ್ ಬ್ಯಾರೆ? ವರ್ಷಕ್ಕೊಮ್ಮಿ ದೇವ್ರು, ಉಳದ ದಿನ ಕಬ್ಬಿಣ ಅಂದ್ರ ಅದಕ್ಕರ ತಿಳೀಬೇಕೋ ಬ್ಯಾಡೋ?"

ಅಪ್ಪ ಹಗ್ಗದಿಂದ ಕೈ ತೆಗೆದ. ಅವತ್ತು ನಡೆದು ಹೋದ. ಆಮೇಲಿನ ಸೋಮವಾರಗಳಲ್ಲಿ ಕೊಟ್ಟೂರಿನ ಕೆಲಸವನ್ನೇ ಇಟ್ಟುಕೊಳ್ಳಲಿಲ್ಲ. ಸೋತವರು ಹೀಗೆ ಕೆಲಸದ ದಿನ ಬದಲಿಸಿಕೊಂಡು ಗೆದ್ದಂತೆ ಇರುವುದನ್ನು ಆಮೇಲೆ ಕಚೇರಿಗಳಲ್ಲೂ ಬಹಳ ನೋಡಿದ್ದೇನೆ. ಆದರೆ ನಾನು ಎಂಟನೆಯ ತರಗತಿಗೆ ಕೊಟ್ಟೂರಿನ ಹೈಸ್ಕೂಲು ಸೇರಿದಾಗ ಹಗಲಿನ ಸೈಕಲ್ ನನ್ನ ಪಾಲಿಗೆ ಬಂತು, ಅದರೊಂದಿಗೆ ಸೋಮವಾರವೂ ಬಂತು. ಶಾಲೆಗೆ ದಿನ ಬದಲಿಸುವ ಸೌಲಭ್ಯವಿರಲಿಲ್ಲ. ಮಂಗಳವಾರದಿಂದ ಶನಿವಾರದವರೆಗೆ ನಾನು ಸೈಕಲ್ಲಿನವಳು, ಸೋಮವಾರ ಏಳು ಕಿಲೋಮೀಟರ್ ಕಾಲ್ನಡಿಗೆಯವಳು. ಮೊದಲ ತರಗತಿ ಗಣಿತ. ನಾನು ಬಾಗಿಲಲ್ಲಿ ಬೆವರಿಕೊಂಡು ನಿಂತಾಗ ಮೇಷ್ಟ್ರು ಬೋರ್ಡಿನಿಂದ ತಿರುಗದೆ ಕೇಳುತ್ತಿದ್ದರು:

"ಏನವ್ವಾ ಕೊಟ್ರಮ್ಮ, ನಿಮ್ಮ ಎತ್ತು ಮೇಯಾಕ ಹೋಗೈತೇನು?"

ತರಗತಿ ನಗುತ್ತಿತ್ತು. ನಗುವವರ ಮನೆಯಲ್ಲೂ ಅವತ್ತು ಎತ್ತುಗಳು ಗೋದಲಿಯ ಮುಂದೆಯೇ ನಿಂತಿರುತ್ತಿದ್ದವು. ಆದರೆ ಅವು ಎತ್ತುಗಳು. ಮೂರು ವರ್ಷಗಳ ಸೋಮವಾರದ ಗಣಿತದ ಮೊದಲರ್ಧವೆಲ್ಲ ನನ್ನಿಂದ ತಪ್ಪಿಹೋಯಿತು. ಇವತ್ತಿಗೂ ಕೆಲವು ಲೆಕ್ಕಗಳು ನನಗೆ ನಡುವಿನಿಂದಷ್ಟೇ ಗೊತ್ತು.

ಸೈಕಲ್ ಕಲಿತದ್ದಂತೂ ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ, ಅರ್ಧ ಪೆಡಲ್ ತುಳಿಯುತ್ತ, ದೇಹವೆಲ್ಲ ಒಂದು ಕಡೆ ಜೋತು. ದೂರದಿಂದ ನೋಡಿದವರಿಗೆ ಸೈಕಲ್ಲೇ ಒಬ್ಬ ಹುಡುಗಿಯನ್ನು ಎಳೆದೊಯ್ಯುತ್ತಿರುವಂತೆ ಕಾಣುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಮೇಲೆ ಕೂರುವಷ್ಟು ಎತ್ತರವಾದಾಗ ಅಜ್ಜಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಳ್ಳಬೇಕೆಂದು ಆಸೆಯಾಯಿತು.

"ಎತ್ತಿನ ಮ್ಯಾಲೆ ಯಾರರ ಕೂಡ್ತಾರೇನ?" ಎಂದಳು.

"ನಾನು ಕೂಡ್ತೀನಲ್ಲಜ್ಜಿ?"

"ನೀ ಬಿಡು, ಗುಬ್ಬಿ ಕುಂತಂಗ. ಅದಕ್ಕ ಗೊತ್ತೂ ಆಗೂದಿಲ್ಲ."

ಊರಿನಿಂದ ಡಾಂಬರು ರಸ್ತೆಗೆ ಒಂದು ಕಿಲೋಮೀಟರ್ ಎರೆಮಣ್ಣಿನ ದಾರಿ. ಮುಂಗಾರಿನ ಮೊದಲ ಮಳೆ ಬಿದ್ದರೆ ಆ ಮಣ್ಣು ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಹೊಕ್ಕು ಗಟ್ಟಿಯಾಗಿ ಕೂತುಬಿಡುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿಯಿಂದ ಗೀರುವುದು, ಮತ್ತೆ ತಳ್ಳುವುದು. ಮಳೆ ಜೋರಾದ ದಿನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ಡಾಂಬರಿಗೆ ಇಳಿಸುತ್ತಿದ್ದೆ. ಆಗ ಯಾರು ಯಾರ ಎತ್ತು ಎಂಬುದು ಗೊಂದಲವಾಗುತ್ತಿತ್ತು. ಆಷಾಢದಲ್ಲಿ ಗಾಳಿ. ಹೋಗುವಾಗ ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡುತ್ತಿತ್ತು, ಬರುವಾಗ ಪೆಡಲ್ ತುಳಿಯದೆಯೇ ಊರು ಮುಟ್ಟಿಸುತ್ತಿತ್ತು. ಈ ಸುಖದ ಹಿಂದೆ ಏನೋ ಇರಬೇಕೆಂದು ನಾನು ಬರುವಾಗಲೂ ಬ್ರೇಕಿನ ಮೇಲೆ ಎರಡು ಬೆರಳು ಇಟ್ಟೇ ಇರುತ್ತಿದ್ದೆ. ಸುಗ್ಗಿಯಲ್ಲಿ ರೈತರು ಸಜ್ಜೆಯ ತೆನೆ ತಂದು ರಸ್ತೆಯ ತುಂಬ ಹರವುತ್ತಿದ್ದರು, ಹೋಗಿ ಬರುವ ಗಾಡಿ ತುಳಿದರೆ ಕಾಳು ಬಿಡಲಿ ಎಂದು. ಬಿಡಿ ಕಾಳಿನ ಮೇಲೆ ಜಾರಿ ಬೀಳುವ ಭಯಕ್ಕೆ ನಾನು ಅಂಚಿನಲ್ಲಿ ಹೋದರೆ ಬದಿಯಲ್ಲಿ ಕೂತ ಹೆಂಗಸರು ಬೈಯುತ್ತಿದ್ದರು.

"ಏ ಹುಡುಗಿ, ಬಾಜೂಕ ಯಾಕ ಹೊಕ್ಕಿ? ಮ್ಯಾಲೆ ತುಳಕೊಂತ ಹೋಗು! ಪುಕ್ಕಟ ಅಂದ್ರ ನಿನಗೇನು ಬ್ಯಾನಿ?"

ತುಳಿದು ಮನೆಗೆ ಬಂದು ಚೈನಿಗೆ ಸುತ್ತಿದ ಹೊಟ್ಟನ್ನು ಬಿಡಿಸುತ್ತಿದ್ದಾಗ ಅಜ್ಜಿ ಬಗ್ಗಿ ನೋಡಿ ಅಪ್ಪನ ಕಡೆ ತಿರುಗಿದಳು. "ನೋಡಲೇ ಕಬ್ಬಿಣದಾವನೇ. ನಮ್ಮ ಕರಿಯ ಕಣ ತುಳದು ಬಂದಾನ." ಚಳಿಗಾಲದಲ್ಲಿ ಅವಳು ಅದಕ್ಕೆ ಗೋಣಿತಾಟು ಹೊದಿಸುತ್ತಿದ್ದಳು. ಬೇಸಿಗೆಯಲ್ಲಿ ಡಾಂಬರು ಕರಗಿ ಟಯರಿಗೆ ಅಂಟಿ ಚರಚರ ಎನ್ನುತ್ತಿತ್ತು. ಬಿಸಿಲಿಗೆ ಟ್ಯೂಬು ಸಿಡಿದೀತೆಂದು ನಾನು ಗಾಳಿ ಬಿಡುತ್ತಿದ್ದೆ, ಗಾಳಿ ಕಡಿಮೆಯಾಗಿ ರಿಮ್ಮು ಬಡಿದೀತೆಂದು ಮತ್ತೆ ಹಾಕುತ್ತಿದ್ದೆ. ಮನೆ ಮುಟ್ಟಿದ ಕೂಡಲೇ ಅಜ್ಜಿ ಎರಡೂ ಚಕ್ರಕ್ಕೆ ತಂಬಿಗೆಯಿಂದ ನೀರು ಹನಿಸುತ್ತಿದ್ದಳು. ಬಿಸಿಲಿನ ಕೋಲು ಗೋದಲಿ ಮುಟ್ಟುವ ಹೊತ್ತಿಗೆ ಅವಳಿಗೆ ಮತ್ತೆ ಮಾಡಲು ಕೆಲಸವಿತ್ತು. ಇದನ್ನು ನಾನು ಆಗ ಗಮನಿಸಲಿಲ್ಲ. ಗಮನಿಸಿದ್ದರೂ ಸೋಮವಾರ ಏಳು ಕಿಲೋಮೀಟರ್ ನಡೆಯುವಾಗ ಒಪ್ಪುತ್ತಿರಲಿಲ್ಲ.

ಹತ್ತನೆಯ ಪರೀಕ್ಷೆಯ ವೇಳಾಪಟ್ಟಿ ಬಂತು. ಮೊದಲ ಪತ್ರಿಕೆ ಸೋಮವಾರ. ಪರವಾಗಿಲ್ಲ, ಬೇಗ ಎದ್ದು ನಡೆದರಾಯಿತು ಎಂದುಕೊಂಡಿದ್ದೆ. ಶುಕ್ರವಾರ ಸಂಜೆ ಹಿತ್ತಲಲ್ಲಿ ಜಾಲಿಮುಳ್ಳು ಬಲಗಾಲ ಹಿಮ್ಮಡಿಯೊಳಗೆ ಹೋಗಿ ಮುರಿಯಿತು. ಅಜ್ಜಿಯೇ ಪಿನ್ನಿನಿಂದ ಕೆದಕಿ ತೆಗೆದು ಸುಣ್ಣ-ಬೆಲ್ಲ ಕಲಸಿ ಹಚ್ಚಿದಳು. ತುದಿ ಒಳಗೇ ಉಳಿದಿರಬೇಕು. ಭಾನುವಾರದ ಹೊತ್ತಿಗೆ ಹಿಮ್ಮಡಿ ಬದನೆಕಾಯಿಯಂತೆ ಊದಿ ನೆಲಕ್ಕೆ ಊರಲಾಗದಂತೆ ಆಯಿತು. ಮುಂಗಾಲಿನಿಂದ ಪೆಡಲ್ ತುಳಿಯಬಹುದಿತ್ತು. ಏಳು ಕಿಲೋಮೀಟರ್ ನಡೆಯುವುದು ಆಗದ ಮಾತು. ಬಸ್ಸಿಗಾದರೂ ಡಾಂಬರಿನವರೆಗೆ ನಡೆಯಬೇಕು, ಅದೂ ಬಂದರೆ ಬಂತು. ಎತ್ತಿನ ಗಾಡಿ ಊರಲ್ಲಿ ಮೂವತ್ತಿದ್ದವು, ಸೋಮವಾರ ಒಂದೂ ಇರಲಿಲ್ಲ. ಊರಿಗಿದ್ದ ಒಂದೇ ಮೋಟಾರ್ ಸೈಕಲ್ ತನ್ನ ಯಜಮಾನನ ಜೊತೆ ಹಡಗಲಿಗೆ ಮದುವೆಗೆ ಹೋಗಿತ್ತು. ಒಂದು ಪತ್ರಿಕೆ ತಪ್ಪಿದರೆ ಫೇಲು. ಫೇಲಾದರೆ ಏನೆಂಬುದನ್ನು ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಪಾಸಾದರೆ ಕೊಟ್ಟೂರಿನಲ್ಲಿ ಕಾಲೇಜು, ಇಲ್ಲವಾದರೆ ಇಟ್ಟಿಗಿಯ ಸೋದರತ್ತೆ ತನ್ನ ಮಗನಿಗೆ ಕೇಳುತ್ತಿದ್ದಾಳೆ. ಅತ್ತೆಯ ಮಗ ಒಳ್ಳೆಯವನೇ. ನನಗೆ ಹದಿನೈದು.

ಭಾನುವಾರದ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ. ನನಗೆ ಬದನೆಕಾಯಿ ನೋಡಲಾಗಲಿಲ್ಲ. ಅಪ್ಪ ತಟ್ಟೆ ನೋಡುತ್ತಲೇ ಹೇಳಿದ:

"ನಾಳಿ ನಾನಽ ಹಿಂದ ಕುಂದರಿಸಿಕೊಂಡು ಹೊಕ್ಕೀನಿ."

"ಸೋಮಾರ!" ಎಂದಳು ಅಜ್ಜಿ. "ಅದೂ ಜೋಡಿ ಭಾರ!"

"ಹಂಗಾರ ಆಕಿ ಒಬ್ಬಾಕೀನ ಹೋಗ್ಲಿ."

"ಒಬ್ಬಾಕಿ ಹೋದ್ರ ಸೋಮಾರ ಮಂಗಳಾರ ಆಗತೈತೇನು? ನಿಮ್ಮಪ್ಪ ಇದ್ದಾಗ ಮಳಿ ಬಂದು ಹೊಲ ಹದ ಆಗಿ ಬಾ ಅಂತ ಕರ್ಯಾಕ ಹತ್ತಿದ್ರೂ ಸೋಮಾರ ನೊಗ ಮುಟ್ಟಲಿಲ್ಲ."

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಅಜ್ಜಿಯ ಮಾತಿಗೆ ಅವಳು ಎದುರು ಮಾತು ಆಡಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ಅತ್ತಿ, ಎತ್ತಿಗೆ ಸೋಮಾರ ಐತ್ರಿ. ಹೆಣ್ಮಕ್ಕಳಿಗೆ ಯಾವ ವಾರ ಐತಿ, ಅದೊಂದು ಹೇಳ್ರಿ. ಅವತ್ತ ಪರೀಕ್ಷಿ ಇಡ್ರಿ ಅಂತ ನಾನಽ ಹೋಗಿ ಕೇಳ್ಕೊಂಡು ಬರ್ತೀನಿ."

ಅಜ್ಜಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದು ಎದ್ದಳು. ನಾನು ಮೂಲೆಗೆ ಹೋಗಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದೆ. ಬರೆದದ್ದನ್ನು ಮೊದಲೇ ತೋರಿಸಿದ್ದೇನೆ.

ಬೆಳಿಗ್ಗೆ ಎದ್ದಾಗ ಅಂಕಣದಲ್ಲಿ ನೀರು ಸುರಿದ ಸದ್ದು. ಅಜ್ಜಿ ಆಗಲೇ ಸ್ನಾನ ಮುಗಿಸಿ ಸೈಕಲ್ಲಿಗೂ ಮಾಡಿಸಿದ್ದಳು. ತಿಕ್ಕಿ ತೊಳೆದ ಕಡ್ಡಿಗಳು ಹೊಳೆಯುತ್ತಿದ್ದವು. ದೀಪದ ಮೇಲೆ ಹೊಸ ವಿಭೂತಿ, ಗೋದಲಿಯಲ್ಲಿ ಒಂದು ಹಿಡಿ ನೆನೆಸಿದ ಹುರುಳಿ. ಗಿಂಡಿಯೊಳಗೆ ಬೆರಳು ಅದ್ದಿ ಅದ್ದಿ ಹ್ಯಾಂಡಲಿಗೆ ಹರಳೆಣ್ಣೆ ಸವರುತ್ತಿದ್ದಳು, ಕೋಡಿಗೆ ಸವರುವ ಹಾಗೆ ಬುಡದಿಂದ ತುದಿಗೆ, ತುದಿಯಲ್ಲಿ ಸ್ವಲ್ಪ ಒತ್ತಿ. ಮೆಟ್ಟಿಲ ಮೇಲೆ ನಾನು ನಿಂತದ್ದು ಅವಳಿಗೆ ಗೊತ್ತಿರಲಿಲ್ಲ.

"ಇದೊಂದು ವಾರ ತಡಕೊ ನನ್ನಪ್ಪ," ಎನ್ನುತ್ತಿದ್ದಳು. "ಹುಡುಗಿ ಕಾಲು ಬಾತೈತಿ. ಮುಳ್ಳು ಪೂರ್ತಿ ಬರಲಿಲ್ಲ, ಕಣ್ಣು ಕಾಣಲಿಲ್ಲ ನನಗ. ನನ್ನ ತಪ್ಪು ಆಕೀಗೆ ಯಾಕ? ನಾಳಿ ಮಂಗಳಾರ ನಿನಗ ರಜಾ ಕೊಡ್ತೀನಿ."

ಆಮೇಲೆ ನನ್ನನ್ನು ನೋಡಿ ದನಿ ಏರಿಸಿದಳು. "ಏನ್ ನೋಡ್ತಿ ನಿಂತ್ಕೊಂಡು? ದಾರ್ಯಾಗ ಬೈಬ್ಯಾಡ ಅದಕ್ಕ. ಏರು ಬಂದ್ರ ಇಳಿ. ಹೋಗು, ಹೊತ್ತಾತು." ಹಗ್ಗವನ್ನು ಅವಳೇ ಬಿಚ್ಚಿದಳು.

ಹ್ಯಾಂಡಲ್ ಕೈಯಲ್ಲಿ ನಿಲ್ಲಲಿಲ್ಲ. ಲಂಗಕ್ಕೆ ಅಂಗೈ ಒರೆಸಿ ಹಿಡಿದೆ, ಮತ್ತೆ ಒರೆಸಿದೆ. ಆದರೂ ಏನೂ ಆಗಲಿಲ್ಲ. ಪಟ್ಟಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಜಾಲಿಯ ಸಾಲು ದಾಟಿತು, ಟ್ಯೂಬಿಗೆ ಏನೂ ಆಗಲಿಲ್ಲ. ಕುರಿಹಟ್ಟಿಯ ನಾಯಿ ಒಂದು ಕಣ್ಣು ತೆರೆದು ಮುಚ್ಚಿತು. ಸೇತುವೆಯ ಮೇಲೆ ಲಾರಿಯ ಬದಲು ಒಂದು ಮೇಕೆ ನಿಂತಿತ್ತು, ಅದೂ ತಾನೇ ಸರಿಯಿತು. ಏರಿನಲ್ಲಿ ಇಳಿಯಲಿಲ್ಲ, ಇಳಿದರೆ ಕಾಲು ಊರಬೇಕಲ್ಲ, ಅದಕ್ಕೆ ಮನಸ್ಸಿನಲ್ಲೇ ಕರಿಯನ ಕ್ಷಮೆ ಕೇಳಿ ನಿಂತೇ ತುಳಿದೆ. ಊರಿನ ಹೊಲಗಳಲ್ಲಿ ಅವತ್ತು ಒಂದು ಎತ್ತೂ ಇರಲಿಲ್ಲ. ಇಡೀ ಬಯಲಿನಲ್ಲಿ ದುಡಿಯುತ್ತಿದ್ದದ್ದು ನಮ್ಮದೊಂದೇ. ಶಾಲೆ ಮುಟ್ಟಿದಾಗ ಒಂಬತ್ತೂ ಆಗಿರಲಿಲ್ಲ, ಗೇಟು ತೆರೆದಿರಲಿಲ್ಲ. ಬೇವಿನ ಮರಕ್ಕೆ ಸೈಕಲ್ ಒರಗಿಸಿ ಕಾದೆ. ಫಲಿತಾಂಶದ ಮಾತು ಇಲ್ಲೇ ಮುಗಿಸುತ್ತೇನೆ: ಪಾಸಾದೆ, ಗಣಿತದಲ್ಲೂ. ಮರುದಿನ ಮಂಗಳವಾರ ನನಗೆ ಪರೀಕ್ಷೆ ಇರಲಿಲ್ಲ, ಸೈಕಲ್ ಮನೆಯಲ್ಲೇ ಇತ್ತು. ಅಪ್ಪ ಸಾಮಾನಿಗೆ ಕೊಟ್ಟೂರಿಗೆ ನಡೆದೇ ಹೋದ, ಯಾರೂ ಹೇಳದೆಯೇ.

ಆ ಸೋಮವಾರ ಪರೀಕ್ಷೆಯ ಗಂಟೆ ಹೊಡೆಯಿತು. ಉತ್ತರಪತ್ರಿಕೆ ಕೊಟ್ಟರು. ಮೇಲಿನ ಮೂಲೆಯ ಚೌಕಗಳಲ್ಲಿ ನೋಂದಣಿ ಸಂಖ್ಯೆ ಬರೆಯುತ್ತ ಬಂದೆ. ಕೊನೆಯ ಚೌಕದಲ್ಲಿ ಪೆನ್ನು ಜಾರಿತು. ಮತ್ತೆ ಬರೆದೆ, ಶಾಯಿ ಹಿಡಿಯಲಿಲ್ಲ. ಹಾಳೆ ಒತ್ತಿ ಹಿಡಿದಿದ್ದ ನನ್ನ ಎಡಗೈಯ ಗುರುತು ಅಲ್ಲಿ ಎಣ್ಣೆಯಾಗಿ ಮೂಡಿತ್ತು. ಕೆಳಗಿನ ಬೆಂಚಿನ ಗೆರೆಗಳು ಹಾಳೆಯೊಳಗಿಂದ ಕಾಣುತ್ತಿದ್ದವು. ಮೇಲ್ವಿಚಾರಕರು ಹರಪನಹಳ್ಳಿಯ ಕಡೆಯವರು, ವಯಸ್ಸಾದ ಮೇಷ್ಟ್ರು. ಬಂದು ಬಗ್ಗಿ ನೋಡಿದರು.

"ಏನಮ್ಮ ಇದು? ಮಂಡಕ್ಕಿ-ಮಿರ್ಚಿ ತಿಂದು ಹಂಗಽ ಬಂದೀಯೇನು?"

"ಇಲ್ರಿ ಸಾರ್. ಕೋಡಿಗೆ ಹಚ್ಚಿದ ಎಣ್ಣಿ."

"ಯಾವ ಕೋಡು?"

"ಸೈಕಲ್ಲಿಂದ್ರಿ. ಇವತ್ತು ಸೋಮಾರ ಅಲ್ರಿ..."

ಅವರು ಕಿಟಕಿಯಾಚೆ ಬೇವಿನ ಮರದ ಕಡೆ ನೋಡಿದರು. ಅಲ್ಲಿ ದೀಪಕ್ಕೆ ವಿಭೂತಿ ಬಳಿದುಕೊಂಡ ಕಪ್ಪು ಸೈಕಲ್ ಒಂದೇ ನಿಂತಿತ್ತು. ನಗುತ್ತಾರೆಂದು ಕಾದೆ. ನಗಲಿಲ್ಲ.

"ಸೋಮಾರ ಯಾಕ ಹೂಡಿದ್ರಿ?"

"ಕಾಲು ಬಾತೈತ್ರಿ ಸಾರ್."

"ಅದನ್ನ ಕೇಳ್ಕೊಂಡ್ರಿಲ್ಲೋ?"

"ಅಜ್ಜಿ ಕೇಳ್ಕೊಂಡಾಳ್ರಿ."

"ಹಂಗಾರ ಆತು ಬಿಡು." ಬೋರ್ಡಿನ ಬಳಿಯಿಂದ ಸೀಮೆಸುಣ್ಣದ ಚೂರು ತಂದು ಎಣ್ಣೆಯ ಗುರುತಿನ ಮೇಲೆ ತಿಕ್ಕಿ, ಪುಡಿಯನ್ನು ಬಾಯಿಂದ ಊದಿದರು. "ಈಗ ಬರಿ."

ಕೊನೆಯ ಅಂಕೆ ಎಂಟು. ಬರೆದೆ. ಎಡಗಡೆಯ ಅರ್ಧ ಹಿಡಿಯಲೇ ಇಲ್ಲ, ಮೂರರಂತೆ ಕಂಡಿತು. ಅವರು ಪಕ್ಕದಲ್ಲಿ ತಮ್ಮ ಪೆನ್ನಿನಿಂದ ಎಂಟು ಎಂದು ಬರೆದು ಸಹಿ ಹಾಕಿದರು. ಅಷ್ಟುದ್ದದ ಪಟ್ಟಿಯಲ್ಲಿ ಇಲ್ಲದಿದ್ದದ್ದು ಅದೊಂದೇ, ಅವತ್ತು ಕೆಟ್ಟದ್ದೂ ಅದೊಂದೇ.